ಇಂದ್ರಾಣಿಗೆ ಸೇರಿಸಿದ ಎಂಟು ವರ್ಷ

2 ಜೂನ್ 2025, ಸೋಮವಾರ

ಛಾಪಾ ಕಾಗದಕ್ಕೆ ಐವತ್ತು. ನೋಟರಿಗೆ ನೂರು. ಮುಖ ಸರಿಯಾಗಿ ನೋಡದೆಯೇ ‘ಸುಮಾರು ಐವತ್ತೆರಡು’ ಎಂದು ಬರೆದುಕೊಟ್ಟ ಡಾಕ್ಟರಿಗೆ ಮುನ್ನೂರು. ಊರಿನಿಂದ ಬಂಗಾರಪೇಟೆಗೆ ಇಬ್ಬರು ಹೋಗಿ ಬಂದ ಬಸ್ಸಿಗೆ ಐವತ್ತಾರು. ಸ್ಟ್ಯಾಂಡಿನಲ್ಲಿ ಎರಡು ಕಾಫಿ, ಎರಡು ವಡೆ, ಮೂವತ್ತು. ಒಟ್ಟು ಐನೂರ ಮೂವತ್ತಾರು ರೂಪಾಯಿ. ಎಂಟು ವರ್ಷದ ಹಿಂದೆ, 2017ರಲ್ಲಿ, ನನ್ನ ತಂಗಿ ಇಂದ್ರಾಣಿಯ ಆಧಾರ್ ಕಾರ್ಡಿನಲ್ಲಿ ಎಂಟು ವರ್ಷ ಸೇರಿಸಲು ಆದ ಖರ್ಚು ಇಷ್ಟು. ವರ್ಷಕ್ಕೆ ಅರವತ್ತೇಳು ರೂಪಾಯಿ ಬಿತ್ತು. ಆಗ ಆಧಾರ್ ಯಂತ್ರ ನನ್ನ ಅರ್ಜಿ ಅಂಗಡಿಯಲ್ಲೇ ಇದ್ದುದರಿಂದ ಬೆರಳು ಒತ್ತಿಸಿಕೊಂಡದ್ದು ಬಿಟ್ಟಿ. ಅಗ್ಗಕ್ಕೆ ಮುಗಿಯಿತು ಎಂದು ಅವತ್ತು ಹಿಗ್ಗಿದ್ದೆ.

ಇವತ್ತು ಹನ್ನೊಂದು ಗಂಟೆಗೆ, ತಾಲ್ಲೂಕು ಕಚೇರಿ ಎದುರಿನ ನನ್ನ ಅಂಗಡಿಯಲ್ಲಿ ಆರು ಜನ ಅರ್ಜಿ ಹಿಡಿದು ನಿಂತಿದ್ದಾಗ, ಇಂದ್ರಾಣಿ ಬಂದಳು. ಆ ಹೊತ್ತಿನಲ್ಲಿ ಅವಳು ನಮ್ಮೂರ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಬೇಳೆ ಬೇಯಿಸುತ್ತಿರಬೇಕು. ಹದಿನೆಂಟು ವರ್ಷದಲ್ಲಿ ಆ ಹೊತ್ತಿಗೆ ಅವಳನ್ನು ಒಲೆ ಬಿಟ್ಟು ಬೇರೆಲ್ಲೂ ನೋಡಿದವನಲ್ಲ ನಾನು.

“ಅಣ್ಣ, ಇದೇನೈತೆ ನೋಡು” ಎಂದು ಕಾಗದ ಕೊಟ್ಟಳು. ಅರವತ್ತು ತುಂಬಿದ ಅಡುಗೆಯವರನ್ನು ಬಿಡುಗಡೆ ಮಾಡಲಾಗಿದೆ ಎಂದಿತ್ತು.

“ನಂಗೆ ಅರವತ್ತಾಯ್ತಂತೆ. ದೊಡ್ಡ ಮೇಡಮ್ಮೋರು ಕಂಪ್ಯೂಟ್ರಲ್ಲಿ ತೋರ್ಸಿದ್ರು. ನಾಳೆಯಿಂದ ರೆಸ್ಟ್ ತಗೊಳ್ಳಿ ಇಂದ್ರಾಣಮ್ಮ ಅಂದ್ರು. ರೆಸ್ಟ್ ಅಂದ್ರೆ ಯಾವ ಆಫೀಸಲ್ಲಿ ಕೊಡ್ತಾರಣ್ಣ?”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವಳು ಮಾತ್ರ ಉತ್ತರಕ್ಕೆ ಕಾದು ನಿಂತಿದ್ದಳು.

ಅವಳಿಗೆ ಐವತ್ತೆರಡು.

ಗಲ್ಲಾ: 1,140.


4 ಜೂನ್, ಬುಧವಾರ

ನಿಯಮ ನೋಡಿದೆ. ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ತಿದ್ದಬಹುದು. ಆ ಒಂದು ಸಲವನ್ನು ನಾನು ಅವತ್ತೇ ತಿಂದುಹಾಕಿದ್ದೇನೆ. ಎರಡನೇ ಸಲ ಬೇಕೆಂದರೆ ಬೆಂಗಳೂರಿನ ಕಚೇರಿಗೆ ಹೋಗಬೇಕು. ಮೊದಲ ಸಲ ಸುಳ್ಳು ಕಾಗದ ಕೊಟ್ಟವರು ಯಾರು, ಯಾಕೆ ಕೊಟ್ಟರು ಎಂದು ಬರೆದು ಸಹಿ ಹಾಕಬೇಕು. ಯಾರು ಎಂಬಲ್ಲಿ ನನ್ನ ಹೆಸರು ಬಂದರೆ ಅಂಗಡಿಯ ಪರವಾನಗಿ ಹೋಗುತ್ತದೆ.

ಇಂದ್ರಾಣಿಗೆ ಇದಿಷ್ಟೂ ಹೇಳಲಿಲ್ಲ. ಅರ್ಧ ಹೇಳಿದೆ. ಅವಳು ಉಳಿದರ್ಧವನ್ನು ತಾನೇ ತುಂಬಿಕೊಂಡಳು.

“ಪೆನ್ಷನ್ ಆಸೆಗೆ ಬೆರಳು ಒತ್ತಿದೋಳು ನಾನೇ ಅಲ್ವಾ? ನೀನೇನ್ ಮಾಡ್ತೀಯ ಬಿಡು. ನನ್ನ ಒಳ್ಳೇದಕ್ಕೇ ಮಾಡ್ದೆ.”

2011ರಲ್ಲಿ ಆಧಾರ್ ಕ್ಯಾಂಪು ಬಂದಾಗ ಮೂರು ಹಳ್ಳಿಗೆ ಬರೆದವನು ನಾನು. ವಯಸ್ಸೆಷ್ಟು ಎಂದರೆ “ನೀನೇ ನೋಡಿ ಬರ್ಕೊಳಪ್ಪ” ಎನ್ನುವರು. ಹಲ್ಲು ನೋಡಿದೆ, ಕೂದಲು ನೋಡಿದೆ, ಮೊಮ್ಮಕ್ಕಳ ಲೆಕ್ಕ ಕೇಳಿದೆ, ಬರೆದೆ. ದಿನಾಂಕ ಎಲ್ಲರಿಗೂ ಜನವರಿ ಒಂದು. ಹೀಗಾಗಿ ನಮ್ಮ ಮೂರು ಹಳ್ಳಿಯವರೂ ಹೊಸವರ್ಷದ ದಿನವೇ ಹುಟ್ಟಿದವರು. ಯಾರು ಇನ್ನೂ ಹುಡುಗಿ, ಯಾರು ಆಗಲೇ ಮುದುಕಿ ಎಂದು ತೀರ್ಮಾನ ಕೊಟ್ಟದ್ದಕ್ಕೆ ನನಗೆ ತಲೆಗೆ ಐದು ರೂಪಾಯಿ ಸಿಕ್ಕಿತು. ಅವತ್ತು ಇಂದ್ರಾಣಿಗೆ ಸರಿಯಾಗಿಯೇ ಬರೆದಿದ್ದೆ.

ಗಲ್ಲಾ: 860. ಇಬ್ಬರು ಮುದುಕಿಯರು ಚೌಕಾಸಿ ಮಾಡಿದರು.


9 ಜೂನ್, ಸೋಮವಾರ

ಡಬ್ಬಿ ಬಂತು. ಸೋಮವಾರ ಎಂದರೆ ಇಂದ್ರಾಣಿ ನನಗೆ ಉಪ್ಸಾರು ಮುದ್ದೆ ಕಳಿಸುವ ದಿನ. ಡಬ್ಬಿ ನಮ್ಮನೆಯದು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮವ್ವ ಕಲಿಸಿದ ಕಟ್ಟಳೆ. ಹಾಗಾಗಿ ನನ್ನ ಹೆಂಡತಿ ಕದಿರಮ್ಮ ಅದನ್ನು ತೊಳೆದು, ಒಂದಚ್ಚು ಬೆಲ್ಲವನ್ನೋ ನಾಲ್ಕು ಮೆಣಸಿನಕಾಯನ್ನೋ ಒಳಗಿಟ್ಟು ಭಾನುವಾರ ಅವಳ ಮನೆಗೆ ಮುಟ್ಟಿಸುತ್ತಾಳೆ. ಸೋಮವಾರ ಅದು ತುಂಬಿ ಬರುತ್ತದೆ. ಕೆಲಸ ಹೋದ ವಾರವೂ ತುಂಬಿಯೇ ಬಂತು.

ಕದಿರಮ್ಮ ಸುಮ್ಮನಿರಲಿಲ್ಲ. “ನಿಮ್ಮ ತಂಗಿ ಅತ್ತೂವರೆಗೆ ಸರಿಯಾಗಿ ಶಾಲೆ ಗೋಡೆ ಪಕ್ಕ ಓಗಿ ನಿಂತ್ಕೊಂತಾಳೆ, ಕಾಗೆ ಅನ್ನಕ್ಕೆ ಕಾದಂಗೆ. ಒಳಗೆ ಆ ಸುಕನ್ಯ ಅಳತೆ ಗೊತ್ತಾಗ್ದೆ ಒದ್ದಾಡ್ತಾಳೆ, ಈವಮ್ಮ ಗೋಡೆ ಆಚೆಯಿಂದ ‘ಇನ್ನರ್ಧ ಹಿಡಿ ಉಪ್ಪು, ಇನ್ನರ್ಧ ಹಿಡಿ’ ಅಂತಾಳೆ. ತಾಲ್ಲೂಕಿಗೆಲ್ಲ ಅರ್ಜಿ ಹಾಕೋ ದೊಡ್ಡ ಮನ್ಸ, ಮನೇದೊಂದು ಹಾಕಕ್ಕಾಗ್ಲಿಲ್ವಾ?”

ಸುಕನ್ಯ ಎಂದರೆ ಇಂದ್ರಾಣಿಯ ಜಾಗಕ್ಕೆ ಬಂದವಳು. ಮೂವತ್ತನಾಲ್ಕು, ಎರಡು ಮಕ್ಕಳು, ಗಂಡ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವಳಿಗೂ ಕೆಲಸ ಬೇಕಿತ್ತು.

ಗಲ್ಲಾ: 920. ಉಪ್ಸಾರಿಗೆ ಉಪ್ಪು ಸರಿಯಾಗಿತ್ತು.


13 ಜೂನ್, ಶುಕ್ರವಾರ

ಬೆಂಗಳೂರಿನ ಕಚೇರಿಗೆ ಬರೆಯುವ ಪತ್ರ ಶುರು ಮಾಡಿದೆ. ‘ಕಾರಣ’ ಎಂಬಲ್ಲಿ ‘ವೃದ್ಧಾಪ್ಯ ವೇತನ ಬೇಗ ಸಿಗಲೆಂದು’ ಎಂದು ಬರೆದು ಕೂತೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈ ಪುಸ್ತಕ ಯಾರೂ ಓದುವುದಿಲ್ಲ. ಎಂಟೇ ವರ್ಷ ಯಾಕೆ ಎಂದು ಇಲ್ಲಿ ಬರೆಯುತ್ತೇನೆ.

2017ರಲ್ಲಿ ಇಂದ್ರಾಣಿಗೆ ನಲವತ್ತನಾಲ್ಕು. ಗಂಡ ಸತ್ತು ಎಂಟು ತಿಂಗಳಾಗಿತ್ತು. ಶಾಲೆಗಳಿಗೆ ಅಕ್ಕಿ ಬೇಳೆ ಇಳಿಸುವ ಟೆಂಪೊ ಓಡಿಸುತ್ತಿದ್ದವನು ಕೋದಂಡಪ್ಪ, ಚಿನ್ನದ ಗಣಿಯ ನಂದಿದುರ್ಗದ ಲೈನ್ ಮನೆಯವನು. ಗಣಿ ಮುಚ್ಚುವವರೆಗೆ ಒಳಗಿಳಿದು ದುಡಿದವನು. ಅವನ ಹೆಂಡತಿಯೂ ತೀರಿಹೋಗಿದ್ದಳು. ಮೂಟೆ ಇಳಿಸಿದ ಮೇಲೆ ಇಂದ್ರಾಣಿಯ ಜಗುಲಿಯಲ್ಲಿ ಎರಡು ಸಲ ಕೂತು ಕಾಫಿ ಕುಡಿದ. ಅಷ್ಟೇ. ಆಮೇಲೆ ನೇರವಾಗಿ ನನ್ನ ಅಂಗಡಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, “ನಿಮ್ಮ ತಂಗೀನ ಮದ್ವೆ ಆಗ್ಬೇಕೂಂತಿದೀನಿ ಅಣ್ಣ” ಅಂದ.

ಗಂಡ ಸತ್ತ ಮೇಲೆ ಇಂದ್ರಾಣಿ ಆರು ತಿಂಗಳು ಒಂದೇ ಹೊತ್ತು ಉಂಡು ಮಲಗಿದ್ದಳು. ಅದು ನಮ್ಮ ಬೀದಿಗೆ ಸಮಸ್ಯೆ ಎನ್ನಿಸಿರಲಿಲ್ಲ. ಆ ಎರಡು ಲೋಟ ಕಾಫಿ ಸಮಸ್ಯೆಯಾಯಿತು. ದೊಡ್ಡವರು ನನ್ನನ್ನು ಕರೆಸಿ ಮಾತಾಡಿದರು. ಅರ್ಜಿ ಅಂಗಡಿಗೆ ಜನ ಬರುವುದು ನಂಬಿಕೆಯ ಮೇಲೆ, ನಿನ್ನ ಮನೆ ಮಾತು ಬೀದಿಗೆ ಬಂದರೆ ಹೇಗೆ ಅಂದರು. ನನಗೂ ಹಾಗೇ ಕಂಡಿತು. ಬೇಡ ಎಂದುಬಿಟ್ಟರೆ ಕೋದಂಡಪ್ಪ ಇಂದ್ರಾಣಿಯನ್ನೇ ಕೇಳುತ್ತಾನೆ. ಅವಳು ಹೂಂ ಎಂದುಬಿಟ್ಟರೆ?

ಕೋದಂಡಪ್ಪನಿಗೆ ನಲವತ್ತೇಳು. ಹೆಣ್ಣು ಗಂಡಿಗಿಂತ ದೊಡ್ಡವಳಾದರೆ ಅವರ ಕಡೆಯವರೇ ಬೇಡ ಎನ್ನುತ್ತಾರೆ. ನಾಲ್ಕು ಸೇರಿಸಿದರೆ ನಲವತ್ತೆಂಟು. ಒಂದೇ ವರ್ಷ ತಾನೇ ಎಂದು ನಕ್ಕು ಒಪ್ಪಿಬಿಟ್ಟಾನು ಎನ್ನಿಸಿತು. ಎಂಟು ಸೇರಿಸಿದೆ. ಐವತ್ತೆರಡು. ಪೆನ್ಷನ್ನಿನ ಕಥೆ ಹೇಳಿ ಅವಳ ಬೆರಳು ಒತ್ತಿಸಿದೆ. ಹೊಸ ಕಾರ್ಡು ಬಂದ ದಿನವೇ ಅವನಿಗೆ ತೋರಿಸಿದೆ. ಅವನು ಚಪ್ಪಲಿ ಹಾಕಿಕೊಂಡು ಹೋದ.

ಅವನು ಬಂದಿದ್ದ ಎಂಬುದೇ ಇಂದ್ರಾಣಿಗೆ ಇವತ್ತಿಗೂ ಗೊತ್ತಿಲ್ಲ.


14 ಜೂನ್

ನಿನ್ನೆಯ ಹಾಳೆ ಹರಿಯಬೇಕೆಂದಿದ್ದೆ. ಹರಿಯಲಿಲ್ಲ.


21 ಜೂನ್, ಶನಿವಾರ

ಇಂದ್ರಾಣಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ಅದೇ ಶಾಲೆಯಲ್ಲಿ. ಅವಳ ನಿಜವಾದ ವಯಸ್ಸಿಗೆ ಪುರಾವೆ ಬೇಕಿತ್ತಲ್ಲ, ಹಳೆಯ ದಾಖಲಾತಿ ಪುಸ್ತಕ ನೋಡಲು ಹೋದೆ. ದೊಡ್ಡ ಮೇಡಂ ಅರುಣಕುಮಾರಿ ಅಕ್ಕಿಮೂಟೆಗಳ ಹಿಂದಿನ ಬೀರುವಿನಿಂದ ಅದನ್ನು ತೆಗೆಸಿದರು. ಇಲಿ ಕಡಿದು ಅಂಚು ಹೋಗಿತ್ತು. ಹೆಸರು ಉಳಿದಿತ್ತು. ಇಂದ್ರಾಣಿ, 1-6-1973.

ಮೇಲಿನ ಸಾಲು ನೋಡಿದೆ. ಅದೂ ಜೂನ್ ಒಂದು. ಕೆಳಗಿನದೂ.

“ಏನ್ ಮೇಡಂ, ಎಲ್ಲ ಒಂದೇ ದಿನ ಹುಟ್ಟವ್ರೆ?”

“ಶಾಲೆ ಬಾಗಿಲು ತೆಗೆಯೋ ದಿನ ಕಾಂತರಾಜಣ್ಣ” ಎಂದು ಮೇಡಂ ನಕ್ಕರು. “ಆಗಿನ ಮೇಷ್ಟ್ರು ಮಗೂನ ನೋಡಿ, ಒಂದನೇ ಕ್ಲಾಸಿಗೆ ಎಷ್ಟು ಬೇಕೋ ಅಷ್ಟು ವಯಸ್ಸು ಹಾಕ್ಕೊಂಡಿದಾರೆ. ನಿಮ್ಮ ಜನವರಿ ಒಂದು ಇದ್ದಹಾಗೆ.”

ಇಷ್ಟು ದಿನ ಅವಳ ಸರಿಯಾದ ವಯಸ್ಸು ಎಂದು ನಾನು ಹೇಳುತ್ತಿದ್ದದ್ದೂ ಯಾರೋ ಕಣ್ಣಳತೆಯಲ್ಲಿ ಬರೆದದ್ದೇ. ಆದರೆ ಆ ಮೇಷ್ಟ್ರು ಅವಳನ್ನು ಒಳಗೆ ಸೇರಿಸಿಕೊಳ್ಳಲು ಬರೆದರು.

ಹೊರಗೆ ಬಂದರೆ ಇಂದ್ರಾಣಿ ಗೋಡೆ ಪಕ್ಕ ಇದ್ದಳು. ಸಿಕ್ಕಿತು ಎಂದೆ. “ಹಂಗಾದ್ರೆ ನಾನಿನ್ನೂ ಮುದುಕಿ ಅಲ್ವಾ?” ಅಂದಳು. ತಮಾಷೆಗೆ ಕೇಳಿದಳು ಎಂದುಕೊಂಡೆ. ಮುಖದಲ್ಲಿ ತಮಾಷೆ ಇರಲಿಲ್ಲ.


29 ಜೂನ್, ಭಾನುವಾರ

ನಂದಿದುರ್ಗಕ್ಕೆ ಹೋಗಿದ್ದೆ. ಯಾಕೆ ಎಂಬುದನ್ನು ನೇರವಾಗಿ ಬರೆಯುವುದು ಒಳ್ಳೆಯದು. ಪತ್ರದಲ್ಲಿ ಪೆನ್ಷನ್ ಕಾರಣ ಮಾತ್ರ ಇರಬೇಕಾದರೆ ಇನ್ನೊಂದು ಕಾರಣ ಯಾರ ಬಾಯಲ್ಲೂ ಬರಬಾರದು. ಕೋದಂಡಪ್ಪ ಅದನ್ನು ಮರೆತಿದ್ದಾನೆಯೇ ಎಂದು ತಿಳಿದು ಬರಲು ಹೋದೆ.

ಮಾರಿಕುಪ್ಪಂ ರೈಲಿಳಿದು ಆಟೊ ಹಿಡಿದೆ. ಲೈನ್ ಮನೆಯ ಮುಂದೆ, ಹೆಗಲಿಗೆ ಹರಕು ಟವೆಲ್ ಹೊದ್ದು, ತಲೆಗೂ ಮೀಸೆಗೂ ಕಪ್ಪು ಬಳಿದುಕೊಂಡು ಕೂತಿದ್ದ. ಈಗ ಅವನಿಗೆ ಐವತ್ತೈದು. ಹೆಂಡತಿ ಸುಮಲತ ಕುಪ್ಪಂ ಕಡೆಯವಳು, “ಕೂರ್ಚೋಂಡಿ ಅಣ್ಣಾ” ಎಂದು ಕುರ್ಚಿ ಒರೆಸಿ ಹಾಕಿದಳು.

“ಬಣ್ಣ ಒಣಗೋವರ್ಗೂ ನಗೋ ಹಂಗಿಲ್ಲಣ್ಣ, ಮೀಸೆ ಕೆಡ್ತದೆ” ಅಂದ. “ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲ್ಸ. ಐವತ್ತೈದು ದಾಟಿದ್ರೆ ಬ್ಯಾಡ ಅಂತಾರೆ. ಗೇಟಲ್ಲಿ ಕುಂತ್ಕೊಳ್ಳೋಕೆ ಎಷ್ಟು ವಯಸ್ಸು ಬೇಕು ಹೇಳಿ? ದೇವ್ರು ಕಳ್ಸಿದಂಗೆ ಬಂದ್ರಿ. ನಂದೊಂದೈದು ವರ್ಷ ಇಳಿಸ್ಕೊಡಿ.”

“ಅದೆಲ್ಲ ಆಗಲ್ಲ ಕಣಪ್ಪ ಈಗ.”

“ಏರ್ಸೋಕಾದ್ರೆ ಇಳ್ಸೋಕಾಗಲ್ವಾ?”

ಕುರ್ಚಿ ಹಿಂದಕ್ಕೆ ಸರಿಸಿದೆ. ಅವನು ಸುಮ್ಮನೆ ಅಂದ ಮಾತು. ಸುಮಲತ ಕಾಫಿಗೆ ಒಳಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದ.

“ನಿಮ್ಮ ತಂಗಿ ಚೆನ್ನಾಗವ್ರಾ?”

“ಅವ್ಳೆ.”

“ಅವ್ರು ಐದು ವರ್ಷ ದೊಡ್ಡೋರಾದ್ರೇನು ಅಂತಾನೇ ನಾನಂದೆ ಅಣ್ಣ. ನಮ್ಮಕ್ಕನೇ ಊರು ನಗ್ತದೆ ಅಂತ ಅತ್ಬಿಟ್ಳು. ಆದ್ರೂ ಒಂದ್ಮಾತು, ಅವ್ರು ಐವತ್ತೆರಡರೋರಂಗೆ ಕಾಣ್ತಿರ್ಲಿಲ್ಲ.”

“ನೋಡೋಕೆ ಹಂಗೆ” ಅಂದೆ. “ನಮ್ಮ ಮನೇಲಿ ಎಲ್ರೂ ವಯಸ್ಸು ಕಾಣ್ಸಲ್ಲ.”

ಯಾರೂ ಕೇಳದೆ, ದುಡ್ಡೂ ತೆಗೆದುಕೊಳ್ಳದೆ ಹೇಳಿದ ಸುಳ್ಳು. ಅವನು ನಂಬಿದ. ನಂಬಿ, ನನ್ನನ್ನು ಆಟೊವರೆಗೂ ಬಿಟ್ಟು, ಬೇಡವೆಂದರೂ ಬಾಡಿಗೆ ಕೊಟ್ಟ. ಹೋದ ಕೆಲಸ ಆಯಿತು. ಅವನಿಂದ ಯಾವ ತೊಂದರೆಯೂ ಇಲ್ಲ.

ರೈಲಿನಲ್ಲಿ ಜಾಗವಿತ್ತು. ಬಂಗಾರಪೇಟೆಯವರೆಗೂ ಬಾಗಿಲ ಹತ್ತಿರವೇ ನಿಂತು ಬಂದೆ.


3 ಜುಲೈ, ಗುರುವಾರ

ಪತ್ರವನ್ನು ಇಂದ್ರಾಣಿಯ ಹೆಸರಲ್ಲೇ ಸಿದ್ಧ ಮಾಡಿದೆ. ‘ವೇತನದ ಆಸೆಯಿಂದ ನಾನೇ ಸುಳ್ಳು ವಯಸ್ಸು ನೀಡಿರುತ್ತೇನೆ. ನನ್ನ ತಪ್ಪನ್ನು ಮನ್ನಿಸಬೇಕು.’ ಚೆನ್ನಾಗಿ ಬಂದಿತ್ತು. ನನ್ನ ಹೆಸರು ಎಲ್ಲೂ ಇಲ್ಲ. ಹಳ್ಳಿ ಹೆಂಗಸು, ತಿಳಿಯದೆ ಮಾಡಿದ್ದಾಳೆ ಎಂದು ಅವರೂ ಮೃದುವಾಗುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಅರ್ಜಿ ಬರೆದವನಿಗೆ ಯಾವ ಪದ ಯಾವ ಮೇಜಿನಲ್ಲಿ ಕೆಲಸ ಮಾಡುತ್ತದೆ ಎಂಬುದು ಗೊತ್ತು.

ಅಂಗಡಿಗೆ ಬಂದಳು. ಓದಿ ಹೇಳಿದೆ.

“ನಿಜಾನೇ ಅಲ್ವಾ. ಎಲ್ಲಿ ಹಾಕ್ಲಿ ಸೈನು?” ಎಂದು ಪೆನ್ನಿಗೆ ಕೈ ಚಾಚಿದಳು. ಬೆರಳ ಸಂದಿನಲ್ಲಿ ಅರಿಶಿನ ಹಳದಿ. ಹದಿನೆಂಟು ವರ್ಷದ್ದು, ಒಂದು ತಿಂಗಳಿಗೆ ಹೋಗುತ್ತದೆಯೇ.

ಪೆನ್ನಿನಲ್ಲಿ ಇಂಕಿಲ್ಲ, ನಾಳೆ ಬಾ ಎಂದೆ.

ಇಂಕಿತ್ತು. ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ.


7 ಜುಲೈ, ಸೋಮವಾರ

ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ನಾನೇ ಅವಳ ಮನೆಗೆ ಹೋದೆ. ಹೊಸ್ತಿಲಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಡಬ್ಬಿ ತೊಳೆದು ಪಕ್ಕದಲ್ಲಿ ಬೋರಲು ಹಾಕಿತ್ತು.

“ಇಷ್ಟೊತ್ತಿಗೇ ಬಂದ್ಯಾ? ಇನ್ನೂ ಮುದ್ದೆ ತಿರುವಿಲ್ಲ” ಅಂದಳು.

ಬೇರೆ ಪತ್ರ ಬರೆದಿದ್ದೇನೆ ಎಂದು ಓದಿದೆ. ಅರ್ಜಿ ಅವಳದೇ, ತಪ್ಪೊಪ್ಪಿಗೆ ನನ್ನ ಹೆಸರಲ್ಲಿತ್ತು. ಸುಳ್ಳು ಕಾಗದ ಮಾಡಿಸಿದವನು ನಾನು, ಯಂತ್ರ ನನ್ನದು, ಪರವಾನಗಿ ಸಂಖ್ಯೆ ಇಂಥದು. ಕಾರಣ: ವಿಧವೆ ತಂಗಿಗೆ ಬಂದ ಮದುವೆ ತಪ್ಪಿಸಲು. ಗಂಡಿನ ಹೆಸರನ್ನು ಪತ್ರದಲ್ಲಿ ಹಾಕಿರಲಿಲ್ಲ. ಅದನ್ನು ಬಾಯಲ್ಲಿ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ಎರಡು ಕಡ್ಡಿ ಸೊಪ್ಪು ಬಿಡಿಸಿದಳು.

“ಅವ್ರೇ ಬಂದಿದ್ರಾ, ಯಾರ್ನಾದ್ರೂ ಕಳ್ಸಿದ್ರಾ?”

“ಅವನೇ ಬಂದಿದ್ದ. ಅಂಗಡಿಗೆ.”

“ಕಾಫಿ ಕೊಟ್ಯಾ?”

“ಇಲ್ಲ.”

ಇನ್ನೊಂದು ಕಡ್ಡಿ.

“ನನ್ನ ಕೇಳಿದ್ರೆ ಬ್ಯಾಡ ಅಂತಾನೇ ಅಂತಿದ್ದೆ ಅಣ್ಣ. ನಮ್ಮನೆಯೋರು ಓಗಿ ಒಂದೊರ್ಸಾನೂ ತುಂಬಿರ್ಲಿಲ್ಲ. ಬ್ಯಾಡ ಅಂತಿದ್ದೆ. ಆದ್ರೆ ಅದ್ನ ನಾನು ಅಂತಿದ್ದೆ.”

ನಾನೇನೋ ಹೇಳಲು ಹೋದೆ, ಊರವರು, ಬೀದಿ ಎಂದು. ಅವಳು ಕೇಳಿಸಿಕೊಳ್ಳಲಿಲ್ಲ.

“ಕಾರ್ಡಲ್ಲಿ ಐತೆ ಅಂತ ನಾನೂ ಮುದುಕಿ ಆಗೋದೆ. ಬಣ್ಣದ ಸೀರೆಗಳ್ನ ಎತ್ತಿಟ್ಟೆ. ಮಂಡಿ ನೋವು ಬಂದ್ರೆ ವಯಸ್ಸಾಯ್ತಲ್ಲ ಅಂತ ಡಾಕ್ಟ್ರತ್ರಾನೂ ಓಗ್ಲಿಲ್ಲ. ನಂಗೆ ನಿಜವಾದ್ದು ಮರ್ತೇ ಓಗಿತ್ತು. ನಿಂಗೆ ನೆನ್ಪಿತ್ತಾ?”

“ಇತ್ತು.”

“ಎಂಟು ವರ್ಷಾನೂ?”

“ಹೂಂ.”

ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡಳು. ಕೆಳಗೆ, ಅರ್ಜಿದಾರಳು ಎಂಬಲ್ಲಿ, ನಾಲ್ಕನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಸಹಿ ಹಾಕಿದಳು. ಆಮೇಲೆ ಸೊಪ್ಪು, ಮೊರ, ಡಬ್ಬಿ ಎಲ್ಲ ಎತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತು ನಿಂತಿದ್ದೆ. ಬಸ್ಸು ತಪ್ಪಿತು.


14 ಜುಲೈ, ಸೋಮವಾರ

ಡಬ್ಬಿ ಇಲ್ಲ.


18 ಆಗಸ್ಟ್, ಸೋಮವಾರ

ಬೆಂಗಳೂರಿನಿಂದ ಎರಡು ಉತ್ತರ. ಅವಳ ಅರ್ಜಿ ಪರಿಶೀಲನೆಯಲ್ಲಿದೆ. ನನ್ನ ಪರವಾನಗಿ ರದ್ದಾಗಿದೆ. ಕೇಸೂ ಹಾಕಬಹುದು ಎಂದು ಗೊತ್ತಿದ್ದವರು ಅಂದರು. ಅಂಗಡಿಯ ಬೋರ್ಡು ನಾನೇ ಇಳಿಸಿದೆ, ಹಗುರವಾಗಿಯೇ ಇತ್ತು.

ತಾಲ್ಲೂಕು ಕಚೇರಿ ಮುಂದಿನ ಹುಣಸೆಮರದ ಕೆಳಗೆ ಮೇಜು ಹಾಕಿಕೊಂಡು ಕೈಯಲ್ಲಿ ಅರ್ಜಿ ಬರೆಯುತ್ತಿದ್ದೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಶುರು ಮಾಡಿದ್ದು ಇಲ್ಲೇ. ಇವತ್ತು ಚಾಂಪಿಯನ್ ಗಣಿ ಕಡೆಯಿಂದ ಒಬ್ಬ ಅಮ್ಮ ಬಂದಿದ್ದರು. ವಯಸ್ಸು ನೀನೇ ಬರ್ಕೊಳಪ್ಪ ಅಂದರು. ಬರೆದುಕೊಳ್ಳಬಹುದಿತ್ತು. ಅವರು ಮೈನೆರೆದಾಗ ಯಾರು ಬದುಕಿದ್ದರು, ಮದುವೆಯ ವರ್ಷ ಗಂಡ ಯಾವ ಶಾಫ್ಟಿಗೆ ಇಳಿಯುತ್ತಿದ್ದ, ಬಂಡೆ ಸಿಡಿದು ಜನ ಸತ್ತಾಗ ಹೊಟ್ಟೆಯಲ್ಲಿದ್ದ ಮಗು ಎಷ್ಟನೆಯದು ಎಂದು ಕೇಳುತ್ತಾ, ಕೂಡಿ ಕಳೆದು, ಅರವತ್ತಮೂರು ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅರ್ಧ ದಿನ ಹಾಳು. ದುಡ್ಡು ಕೇಳುವುದು ಮರೆತೆ.


22 ಸೆಪ್ಟೆಂಬರ್, ಸೋಮವಾರ

ಇಂದ್ರಾಣಿಯ ಹೊಸ ಕಾರ್ಡು ಹೋದ ವಾರ ಬಂತಂತೆ. ಕದಿರಮ್ಮ ಹೇಳಿದಳು. ನಮ್ಮೂರ ಶಾಲೆಯ ಜಾಗದಲ್ಲಿ ಸುಕನ್ಯ ಇದ್ದಾಳೆ. ಅವಳನ್ನು ಬಿಡಿಸಿ ನಿಮ್ಮನ್ನು ತೆಗೆದುಕೊಳ್ಳಲು ಮೇಲೆ ಬರೆಯೋಣವೇ ಎಂದು ಮೇಡಂ ಕೇಳಿದರೆ, “ಅವಳ ಕೈಯಿಂದ ಸೌಟು ಕಿತ್ಕೊಳ್ಳಾಕೆ ನಾನೇನು ನಮ್ಮಣ್ಣನಾ?” ಅಂದಳಂತೆ ಇಂದ್ರಾಣಿ. ಪಕ್ಕದೂರಿನ ಶಾಲೆಯಲ್ಲಿ ಸಹಾಯಕಿಯ ಕೆಲಸ ಖಾಲಿ ಇತ್ತು, ಇವತ್ತು ಅಲ್ಲಿಗೆ ಸೇರಿದಳು. ಎರಡು ಮೈಲಿ ನಡಿಗೆ. ಬೆಳಿಗ್ಗೆ ನಮ್ಮನೆ ಮುಂದೆಯೇ ಹೋದಳು. ಹಸಿರು ಸೀರೆ. ನಿಲ್ಲಲಿಲ್ಲ.

ಸಂಜೆ ಸುಕನ್ಯ ಬಂದು ನಮ್ಮ ಡಬ್ಬಿ ಕೊಟ್ಟು ಹೋದಳು, ಇಂದ್ರಾಣಕ್ಕ ಕೊಡಿ ಅಂದ್ರು ಎಂದು. ಹಗುರವಾಗಿತ್ತು. ಮುಚ್ಚಳ ತೆಗೆದು ನೋಡಿದೆ. ಕದಿರಮ್ಮನೂ ಬಗ್ಗಿ ನೋಡಿದಳು.

ಲೆಕ್ಕ ಬರೆದು ಮುಗಿಸುತ್ತೇನೆ. ಯಾರಿಗೆ ಏನು ದಕ್ಕಿತು:

ಡಾಕ್ಟರಿಗೆ, ಮುನ್ನೂರು ರೂಪಾಯಿ.

ಬೀದಿಗೆ, ಎಂಟು ವರ್ಷ ನೆಮ್ಮದಿ, ಈಗ ಒಂದು ತಿಂಗಳ ಮಾತು.

ಸುಕನ್ಯಳಿಗೆ, ಸೌಟು, ಉಪ್ಪಿನ ಅಳತೆ.

ಕೋದಂಡಪ್ಪನಿಗೆ, ಏನೂ ಇಲ್ಲ. ಅವನಿಗೆ ನಿಜ ಹೇಳಬೇಡ, ಮನೇಲಿ ಹೆಂಡತಿ ಇದ್ದಾಳೆ ಎಂದು ಇಂದ್ರಾಣಿ ಕದಿರಮ್ಮನ ಕೈಲಿ ಹೇಳಿಕಳಿಸಿದ್ದಳು.

ಇಂದ್ರಾಣಿಗೆ, ಐವತ್ತೆರಡು ವರ್ಷ, ಎರಡು ಮೈಲಿ ದಾರಿ, ಹೊಸಬಳು ಎಂಬ ಹೆಸರು.

ಕಾಂತರಾಜನಿಗೆ, ಡಬ್ಬಿ. ಪಾತ್ರೆ ಖಾಲಿ ಕೊಡಬಾರದಲ್ಲ, ತಳದಲ್ಲಿ ಅಕ್ಕಿ ಹಾಕಿದ್ದಳು. ಎಣಿಸಿದೆ. ಹನ್ನೊಂದು ಕಾಳು.